ಕುಡಿಯದವನ ಲಿವರ್

೧೯೮೪ರಲ್ಲಿ ನಾನು ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಪೆಥಾಲಜಿಸ್ಟ್ ಆಗಿದ್ದೆ. ನಾಡಿ ಹಿಡಿದು ಔಷಧಿ ಬರೆಯುವ ಡಾಕ್ಟರಲ್ಲ. ರೋಗಿಯ ಮೈಯಿಂದ ತೆಗೆದ ಚೂರನ್ನು ಮೈಕ್ರೋಸ್ಕೋಪಿನಡಿ ಇಟ್ಟು ಇದು ಯಾವ ರೋಗವೆಂದು ಹೇಳುವವನು. ಜನರ ಜೊತೆ ಮಾತು ಕಡಿಮೆ. ನನ್ನ ಸಿಡುಕು ಸ್ವಭಾವಕ್ಕೆ ಅದೇ ಒಗ್ಗಿತ್ತು.

ಆ ಬೇಸಿಗೆಯಲ್ಲಿ ಕುರುಗೋಡಿನ ಚನ್ನಬಸಪ್ಪನವರ ಲಿವರ್‌ನ ಚೂರು ನನ್ನ ಮೇಜಿಗೆ ಬಂತು. ಬ್ರೂಸ್‌ಪೇಟೆಯಲ್ಲಿ ಬೇಳೆಕಾಳಿನ ಅಂಗಡಿ ಇಟ್ಟುಕೊಂಡಿದ್ದವರು, ಐವತ್ತರ ಆಸುಪಾಸು. ಕ್ಯಾನ್ಸರ್ ಎನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಆದರೆ ಊರಿನವರು ನನಗಿಂತ ಮೊದಲೇ ರಿಪೋರ್ಟ್ ಕೊಟ್ಟಾಗಿತ್ತು: ಲಿವರ್ ಕೆಟ್ಟಿದೆ ಎಂದರೆ ಕುಡುಕ. ಅವರ ಮಗಳು ಗಿರಿಜಾಳಿಗೆ ಸಿರುಗುಪ್ಪದ ಅಕ್ಕಿ ಗಿರಣಿಯವರ ಮನೆಯಲ್ಲಿ ಮದುವೆ ನಿಶ್ಚಯವಾಗಿತ್ತು. ಆ ಕಡೆಯಿಂದ ಗುಸುಗುಸು ಶುರುವಾಗಿತ್ತು.

ಚನ್ನಬಸಪ್ಪ ತಮ್ಮನಾದ ವೀರಭದ್ರಪ್ಪನ ಹೆಗಲು ಹಿಡಿದು ನನ್ನ ಕೋಣೆಗೆ ಬಂದರು. ಕಣ್ಣುಗಳು ಅರಿಸಿನದ ಬಣ್ಣಕ್ಕೆ ತಿರುಗಿದ್ದವು.

“ನಾ ಉಳಿಯಂಗಿಲ್ಲ ಅಂತ ಗೊತ್ತೈತ್ರಿ ಡಾಕ್ಟ್ರ. ಕೊರಳಾಗ ಲಿಂಗ ಕಟ್ಟಿಕೊಂಡು ಹೆಂಡ ಮುಟ್ಟಿದಾಂವ ಅಲ್ಲ ನಾನು. ಅದೊಂದು ಮಾತು ಬೀಗರಿಗೆ ಹೇಳ್ರಿ. ಹುಡುಗಿ ಮದಿವಿ ನಿಲ್ಲಬಾರದು.”

ಹೇಳಲು ನನ್ನ ಹತ್ತಿರ ಆಧಾರವಿತ್ತು. ಕುಡಿತದಿಂದ ಕೆಟ್ಟ ಲಿವರ್‌ನಲ್ಲಿ ಸಾಮಾನ್ಯವಾಗಿ ಕಾಣುವ ಕೊಬ್ಬಿನ ಹನಿಗಳು ಇದರಲ್ಲಿರಲಿಲ್ಲ. ಓರ್ಸೀನ್ ಎಂಬ ಬಣ್ಣ ಹಾಕಿದಾಗ ಜೀವಕೋಶಗಳು ಕಂದಾಗಿ ಕಂಡವು. ಅದು ಹೆಪಟೈಟಿಸ್ ಬಿ ವೈರಸ್ಸಿನ ಗುರುತು. ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ಹುಟ್ಟುವಾಗ ತಾಯಿಯಿಂದ ಬಂದಿರಬೇಕು, ಇಲ್ಲವೇ ಊರಿಗೆಲ್ಲ ಒಂದೇ ಸೂಜಿ ಚುಚ್ಚುತ್ತಿದ್ದವರ ಕೃಪೆ. ಈ ವೈರಸ್ ತನ್ನ ಡಿಎನ್‌ಎ ತುಂಡನ್ನು ಲಿವರ್ ಕೋಶದ ಡಿಎನ್‌ಎಯೊಳಗೇ ಸೇರಿಸಿಬಿಡುತ್ತದೆ ಎಂಬ ಸಂಗತಿ ಆಗಿನ್ನೂ ಹೊಸದು. ವರ್ಷಗಟ್ಟಲೆ ಹೀಗೆ ನಡೆದು ಜೀನುಗಳು ಕೆಟ್ಟರೆ, ‘ಬೆಳೆ’, ‘ಸಾಕು ನಿಲ್ಲು’ ಎಂದು ಕೋಶಕ್ಕೆ ಬರುವ ಸಂಕೇತಗಳ ವ್ಯವಸ್ಥೆಯೇ ತಪ್ಪುತ್ತದೆ. ತೂಬಿನ ಬಾಗಿಲು ಕಿತ್ತುಹೋದ ಕಾಲುವೆಯಂತೆ, ಆಮೇಲೆ ತಡೆಯುವವರಿಲ್ಲ.

ಗಿರಿಜಾಳ ರಕ್ತವನ್ನೂ ಪರೀಕ್ಷೆ ಮಾಡಿಸಿದೆ. ವೈರಸ್ ಇರಲಿಲ್ಲ. ಆ ಧೈರ್ಯದಿಂದ ಅಣ್ಣತಮ್ಮಂದಿರ ಜೊತೆ ನಾನೇ ಸಿರುಗುಪ್ಪಕ್ಕೆ ಹೋದೆ.

ಹುಡುಗನ ತಂದೆ ಶರಣಪ್ಪ ಚಹಾ ಕೊಟ್ಟು, ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದರು. ಕೊನೆಗೆ ಅಂದರು:

“ಅಂದ್ರ ರಕ್ತದಾಗ ಐತಿ ಅಂದಂಗಾತು. ಕುಡುಕ ಆಗಿದ್ರ ಅದು ಅವರ ಹಣೆಬರಹ, ನಾವು ಹೊಂದಿಕೊಂತಿದ್ವಿ. ರಕ್ತ ಕೆಟ್ಟ ಮನಿ ಹೆಣ್ಣು ತರೋದು ಹೆಂಗ್ರಿ?”

“ಹುಡುಗಿಗೆ ಏನೂ ಇಲ್ಲ, ಪರೀಕ್ಷೆ ಮಾಡಿಸಿದ್ದೇನೆ,” ಎಂದೆ.

“ಇವತ್ತು ಇಲ್ರಿ. ನಾಳಿಗೆ ಯಾರು ಜವಾಬ್ದಾರಿ?”

ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ, ಗೋಡೆಗೆ ಒರಗಿ ಕೂತಿದ್ದ ಚನ್ನಬಸಪ್ಪ ಎದ್ದು ನಿಂತರು.

“ಡಾಕ್ಟ್ರು ದೊಡ್ಡ ಮನಸಿನೋರು ಬೀಗರ. ನನ್ನ ಮಾನ ಉಳಸಾಕ ಹಂಗ ಹೇಳಿದ್ರು. ಖರೇ ಹೇಳತೀನಿ, ನಾನು ಕುಡೀತಿದ್ದೆ. ಗುಂತಕಲ್ಲಿಗೆ ಮಾಲು ತರಾಕ ಹೋದಾಗೆಲ್ಲ ಕುಡೀತಿದ್ದೆ.”

ಅವರ ಬಲಗೈ ಅಂಗಿಯ ಮೇಲಿಂದಲೇ ಎದೆಯ ಲಿಂಗವನ್ನು ಒತ್ತಿ ಹಿಡಿದಿತ್ತು. ಶರಣಪ್ಪನ ಮುಖ ಅರಳಿತು. “ಹಂಗಂತ ಮೊದಲ ಹೇಳಬಾರದೇನ್ರಿ!”

ನಾನು ಅದನ್ನು ಅಲ್ಲಗಳೆಯಲಿಲ್ಲ. ಹುಡುಗಿಯ ರಕ್ತ ಶುದ್ಧವಾಗಿತ್ತು. ಮರ್ಯಾದೆ ಚನ್ನಬಸಪ್ಪನವರದು, ಅದನ್ನು ಎಲ್ಲಿ ಖರ್ಚು ಮಾಡಬೇಕೆಂದು ಅವರೇ ತೀರ್ಮಾನಿಸಿದ್ದರು.

ಮದುವೆಯಾಯಿತು. ದೀಪಾವಳಿಗೆ ಮುಂಚೆಯೇ ಚನ್ನಬಸಪ್ಪ ತೀರಿಕೊಂಡರು. ಮಣ್ಣು ಮಾಡುವ ದಿನ ಕುರುಗೋಡಿಗೆ ಹೋಗಿದ್ದೆ. ನನ್ನ ಪಕ್ಕದಲ್ಲೇ ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ: “ಹೊರಗ ವಿಭೂತಿ, ಒಳಗ ಬಾಟ್ಲಿ.” ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ.

ವೀರಭದ್ರಪ್ಪನಿಗೆ ರಕ್ತಪರೀಕ್ಷೆ ಮಾಡಿಸಿಕೋ ಎಂದು ಅಲ್ಲೇ ಹೇಳಿದೆ. ಆಮೇಲೆ ಅಂಗಡಿಗೂ ಹೋಗಿ ಹೇಳಿದೆ. ಅವನು ನಕ್ಕ. “ಅಣ್ಣ ಕುಡಿದು ಕುಡಿದು ಹೋದನ್ರಿ. ನಾ ಚಾ ಸೈತ ಕುಡಿಯಂಗಿಲ್ಲ, ನನಗ್ಯಾಕ?” ಒಂದೇ ಮನೆಯಲ್ಲಿ ಅಣ್ಣನೊಡನೆ ಬೆಳೆದವನು, ಅಣ್ಣನನ್ನು ನನ್ನ ಕೋಣೆಗೆ ಹೆಗಲು ಕೊಟ್ಟು ಕರೆತಂದವನು, ಅವನೇ ಆ ಸುಳ್ಳನ್ನು ನಂಬಿದ್ದ. ನಂಬದಿದ್ದರೆ ರೋಗ ತನ್ನ ರಕ್ತದಲ್ಲೂ ಇರಬಹುದೆಂದು ಒಪ್ಪಬೇಕಿತ್ತಲ್ಲ.

ನಾಲ್ಕು ವರ್ಷದ ನಂತರ ಅವನ ಲಿವರ್‌ನ ಚೂರು ನನ್ನ ಮೇಜಿಗೆ ಬಂತು. ಅದೇ ಕಂದು ಬಣ್ಣ. ಮೊದಲೇ ಬಂದಿದ್ದರೆ ಉಳಿಸುತ್ತಿದ್ದೆವು ಎಂದು ಎದೆ ತಟ್ಟಿ ಹೇಳಲಾರೆ. ಗಡ್ಡೆ ಚಿಕ್ಕದಿದ್ದಾಗ ಸಿಕ್ಕಿದ್ದರೆ ಕತ್ತರಿಸಿ ತೆಗೆಯಲು ಒಂದು ಅವಕಾಶವಾದರೂ ಇರುತ್ತಿತ್ತು.

ರಿಪೋರ್ಟ್ ಬರೆಯುವ ಮುಂಚೆಯೇ ಅವನು ಬಂದು ನನ್ನೆದುರು ಕೂತ. ನೋಡಿದರೆ ಅಣ್ಣನದೇ ಹಳದಿ ಕಣ್ಣು.

“ನಾನೂ ಕುಡೀತಿದ್ದೆ ಅಂತ ಬರೀರಿ ಡಾಕ್ಟ್ರ,” ಎಂದ. “ನನಗೂ ಮಗಳು ಅದಾಳ್ರಿ.”

ಮನುಷ್ಯ ಯಾವ ರೋಗದಿಂದ ಸಾಯಬೇಕೆಂಬುದು ಜೀವಕೋಶದೊಳಗೆ ತೀರ್ಮಾನವಾಗುತ್ತದೆ. ಯಾವ ರೋಗದಿಂದ ಸತ್ತನೆಂದು ಹೇಳಬೇಕೆಂಬುದನ್ನು ಬೀಗರು ತೀರ್ಮಾನಿಸುತ್ತಾರೆ. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು.