ನಡುವಿನ ಹೆಸರು

ಸಮೀಕ್ಷಾ, ಓಂಕಾರ, ನೀವಿಬ್ಬರೂ ಮರಾಠಿ ಶಾಲೆಯಲ್ಲಿ ಕಲಿತವರು. ಈ ಹಾಳೆಗಳಲ್ಲಿ ಯಾವುದಾದರೂ ಪದ ತೊಡಕಾದರೆ ನಿಮ್ಮ ಅವ್ವನಿಂದ ಓದಿಸಿಕೊಳ್ಳಿ. ತನ್ನ ಮದುವೆ ಗೊತ್ತಾದ ದಿನ ಸಮೀಕ್ಷಾ ನನ್ನನ್ನು ಕೇಳಿದಳು, "ಆಜಿ, ಲಗ್ನ ಆದಮ್ಯಾಲ ಹೆಸರ ಯಾಕ ಬದಲ ಮಾಡಬೇಕು?" ಮನೆ ತುಂಬ ಬೀಗರಿದ್ದರು. ನಾಲ್ಕು ಜನರ ನಡುವೆ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

೨೦೨೩ನೆಯ ಇಸವಿ. ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್ ಬಂದ ವರ್ಷ. ನಾನು ಕರಜಗಿ, ಅಕ್ಕಲಕೋಟೆ, ಸೊಲ್ಲಾಪುರ ಬಸ್ಸಿನ ಕಂಡಕ್ಟರ್ ಆಗಿದ್ದೆ. ನಿಮ್ಮ ಅಜ್ಜ ಡ್ರೈವರ್ ಆಗಿದ್ದು ಸೇವೆಯಲ್ಲಿರುವಾಗಲೇ ತೀರಿಕೊಂಡದ್ದರಿಂದ ಅನುಕಂಪದ ಆಧಾರದ ಮೇಲೆ ನನಗೆ ಈ ಕೆಲಸ ಸಿಕ್ಕಿತ್ತು. ಹಳ್ಳಿಯ ಶಾಲೆಯಲ್ಲಿ ಹತ್ತನೆಯವರೆಗೆ ಓದಿದ್ದು ಆಗ ಉಪಯೋಗಕ್ಕೆ ಬಂತು.

ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ ಹೆಣ್ಣಿನ ಪೂರ್ಣ ಹೆಸರಿಗೆ ಮೂರು ಪಾಲು: ಮೊದಲು ಅವಳದು, ನಡುವೆ ತಂದೆಯದು, ಕೊನೆಗೆ ಅಡ್ಡಹೆಸರು. ಮದುವೆಯಾದರೆ ನಡುವಿನದೂ ಕೊನೆಯದೂ ಗಂಡನ ಕಡೆಯವಾಗುತ್ತವೆ. ಆದರೆ ನಮ್ಮ ಊರುಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಲಗ್ನದಲ್ಲೋ ಬಸುರಿಯ ಕುಪ್ಪಸದ ಕಾರ್ಯದಲ್ಲೋ ಒತ್ತಾಯ ಮಾಡಿದರೆ ಮಾತ್ರ ಒಡಪು ಕಟ್ಟಿ, ಪ್ರಾಸದ ಸಾಲಿನ ಕೊನೆಗೆ ಸೇರಿಸಿ ಹೇಳುತ್ತಾರೆ. ಹೀಗಾಗಿ ಹೆಂಡತಿಯಾದವಳು ತನ್ನ ಪೂರ್ಣ ಹೆಸರನ್ನು ತಾನೇ ಹೇಳಲಾರಳು. ನಾನು ಕೂಡ ಡೆಪೊದಲ್ಲಿ ಯಾರಾದರೂ ಕೇಳಿದರೆ ಎದೆಯ ಮೇಲಿನ ಬ್ಯಾಜ್ ತೋರಿಸುತ್ತಿದ್ದೆ.

ಆ ದಿನ ಮಧ್ಯಾಹ್ನದ ಟ್ರಿಪ್‌ನಲ್ಲಿ, ಅಕ್ಕಲಕೋಟೆ ಇನ್ನೂ ದೂರವಿರುವಾಗ, ಹೊಲದ ಬದಿಯಿಂದ ಓಡಿ ಬಂದ ಒಬ್ಬ ಹುಡುಗಿ ಕೈ ಮಾಡಿ ಬಸ್ಸು ಹತ್ತಿದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎಡಗಿವಿಯ ಹಾಲೆ ಹರಿದು ರಕ್ತ ಕುತ್ತಿಗೆಗೆ ಇಳಿದಿತ್ತು. ಸೊಲ್ಲಾಪುರಕ್ಕೆ ಟಿಕೆಟ್ ಕೇಳಿದಳು. ಅಲ್ಲಿಂದ ಹೋಟಗಿಗೆ, ತವರಿಗೆ ಹೋಗಬೇಕೆಂದಳು.

ಮುಂದಿನ ಸೀಟಿನಲ್ಲಿದ್ದ ಗಂಗವ್ವ ಎಂಬ ಮುದುಕಿ ಜಾಗ ಕೊಟ್ಟು, ಸೆರಗಿನಿಂದ ಅವಳ ಕಿವಿ ಒತ್ತಿ ಹಿಡಿದಳು.

"ಯಾರ ಮನಿ ಸೊಸಿ, ಯವ್ವಾ?"

"ಕೋರೆರ ಮನೀದು."

"ಹೌದ? ಅವರ ಮನ್ಯಾಗ ಎತ್ತಿಗೂ ಬಾಯಿ ಕಟ್ಟೇ ಮೇವ ಹಾಕ್ತಾರ."

ಹುಡುಗಿಯ ಹೆಸರು ಭಾಗ್ಯಶ್ರೀ. ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕುವಾಗ ಮಾರ್ಕ್‌ಶೀಟಿನಲ್ಲಿ ಇದ್ದಂತೆ ತಂದೆಯ ಹೆಸರನ್ನೇ ಬರೆದಿದ್ದಳಂತೆ. "ನನ್ನ ಮನ್ಯಾಗ ಉಂಡು ಅಪ್ಪನ ಹೆಸರ ಬರೀತಿ" ಎಂದು ಗಂಡ ಓಲೆ ಹಿಡಿದು ಎಳೆದು, ಹೊಸ್ತಿಲ ಮೇಲೆ ಕೆಡವಿ ಕೊಡಲಿಯ ಕಾವಿನಿಂದ ಬಡಿದಿದ್ದ.

ಅಷ್ಟರಲ್ಲಿ ಎರಡು ಮೋಟರ್‌ಸೈಕಲ್ ನಮ್ಮನ್ನು ದಾಟಿ ರಸ್ತೆಗೆ ಅಡ್ಡ ನಿಂತವು. ಡ್ರೈವರ್ ಹುಸೇನ್‌ಸಾಬ್ ಬ್ರೇಕ್ ಹಾಕಿದರು. ಬಂದವರು ಗಂಡ ಮತ್ತು ಅವನ ಇಬ್ಬರು ತಮ್ಮಂದಿರು. ಗಂಡ ಅದೇ ಕಾವು ಹಿಡಿದು ಬಾಗಿಲಿನಿಂದ ಮೇಲೆ ಬಂದ.

"ಮಾವಶಿ, ನಮ್ಮ ಮಂದೀನ ಇಳಸ್ರಿ," ಎಂದು ನನಗೆ ಹೇಳಿದ.

"ಟಿಕೆಟ್ ತಗೊಂಡಾಳ್ರಿ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅವನು ಜನರ ಕಡೆ ತಿರುಗಿದ. "ಆಕೀ ಪೂರ್ತಿ ಹೆಸರ ಕೇಳ್ರಿ ಬೇಕಾದ್ರ. ನಡುವ ನನ್ನ ಹೆಸರ ಅದ, ಕಡೀಕ ನಮ್ಮ ಮನೀ ಹೆಸರ ಅದ. ಇದರಾಗ ನಿಮ್ಮದೇನ ಅದ?"

ಹಿಂದಿನಿಂದ ಒಬ್ಬ ಹೇಳಿದ, "ಗಂಡ ಹೆಂಡರ ಭಾನಗಡಿ, ಇಳಸಿ ಬಿಡ್ರಿ. ನಮಗ ಹೊತ್ತಾಗ್ಯಾದ."

ಭಾಗ್ಯಶ್ರೀ ಸೀಟಿನ ಸಲಾಕೆಯನ್ನು ಎರಡೂ ಕೈಯಿಂದ ಹಿಡಿದಳು. ಅವನು ಕೂದಲು ಹಿಡಿದು ಎಳೆದ, ಬೆರಳುಗಳ ಮೇಲೆ ಬಡಿದ, ಕೈ ಬಿಟ್ಟಾಗ ಬೆನ್ನಿನ ಮೇಲೆ ಬಡಿದ. ಒದ್ದೆ ಗೋಣಿಚೀಲಕ್ಕೆ ಹೊಡೆದಂತೆ ಸದ್ದು. ಮೂರನೆಯ ಸಲ ಕಾವು ಮೇಲೆದ್ದಾಗ ನಾನು ನಡುವೆ ಹೋಗಿ ಎಡಗೈ ಒಡ್ಡಿದೆ. ಮಣಿಕಟ್ಟಿನ ಎಲುಬು ಮುರಿದದ್ದು ಮೊದಲು ಕಿವಿಗೆ ಕೇಳಿತು, ನೋವು ಆಮೇಲೆ ಬಂತು. ಟಿಕೆಟ್ ಮಷೀನ್ ಬಿದ್ದು ಒಡೆಯಿತು, ಎದೆಯ ಬ್ಯಾಜ್ ಕಿತ್ತುಹೋಯಿತು. ಹೊರಗಿನಿಂದ ತಮ್ಮನೊಬ್ಬ ಕಲ್ಲು ಎಸೆದ. ಮುಂದಿನ ಗಾಜು ಪುಡಿಯಾಗಿ ಹುಸೇನ್‌ಸಾಬರ ಹುಬ್ಬು ಸೀಳಿತು.

ಕಂಡಕ್ಟರ್ ಎರಡು ಗಂಟೆ ಹೊಡೆಯದೆ ಡ್ರೈವರ್ ಬಸ್ಸು ಬಿಡಬಾರದು, ಅದು ನಿಯಮ. ಕಣ್ಣಿಗೆ ರಕ್ತ ಇಳಿಯುತ್ತಿದ್ದರೂ ಅವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. ನನಗೆ ಕೂಗಲು ಬರಲಿಲ್ಲ. ಬಲಗೈ ಚಾಚಿ ಗಂಟೆಯ ಹಗ್ಗವನ್ನು ಎರಡು ಸಲ ಎಳೆದೆ.

ಬಸ್ಸು ಮೋಟರ್‌ಸೈಕಲ್ ಒಂದನ್ನು ನೂಕಿ ಚರಂಡಿಗೆ ಕೆಡವಿ ಮುಂದೆ ನುಗ್ಗಿತು. ಆ ಎಳೆತಕ್ಕೆ ಗಂಡ ಮುಗ್ಗರಿಸಿ ಬಿದ್ದ. ಬಿದ್ದಲ್ಲಿಂದಲೇ ಭಾಗ್ಯಶ್ರೀಯ ಹೊಟ್ಟೆಗೆ ಒದ್ದ. ಅದನ್ನು ನೋಡಿದ ಮೇಲೆ ಸುಮ್ಮನೆ ಕೂತಿದ್ದ ಗಂಡಸರು ಎದ್ದರು. ಹೊತ್ತಾಗಿದೆ ಎಂದವನೇ ಅವನ ಎದೆಯ ಮೇಲೆ ಕೂತ. "ಸ್ಟೇಷನ್ನಿಗೇ ಹೊಡೀರಿ ಸಾಬ್," ಎಂದ. "ಹೆಂಗೂ ಹೊತ್ತಾಗ್ಯಾದ." ಜನ ಹೊಡೆದ ಹೊಡೆತವೂ ಸಣ್ಣದಲ್ಲ. ಅವನ ಹಲ್ಲೊಂದು ನನ್ನ ಚಪ್ಪಲಿಯ ಹತ್ತಿರ ಬಂದು ಬಿತ್ತು.

ಬಸ್ಸಿನಲ್ಲಿ ಹೊಡೆದಾಟವಾದರೆ ಪ್ರಯಾಣಿಕರ ಸಮೇತ ಬಸ್ಸನ್ನು ಪೊಲೀಸ್ ಠಾಣೆಗೆ ಒಯ್ಯುವುದು ನಮ್ಮಲ್ಲಿ ರೂಢಿ. ಹಾಗೆಯೇ ಒಯ್ದೆವು. ಮಹಿಳಾ ಕಾನ್‌ಸ್ಟೇಬಲ್ ಮೊದಲು ಸಾಕ್ಷಿಯಾದ ನನ್ನನ್ನು ಕೇಳಿದಳು, "ಪೂರ್ಣ ಹೆಸರ ಹೇಳ್ರಿ, ಮಾವಶಿ." ತೋರಿಸಲು ಬ್ಯಾಜ್ ಇರಲಿಲ್ಲ. "ನೀಲಮ್ಮ ಸಿದ್ಧಾರಾಮ ಹೊಸಮನಿ," ಎಂದೆ. ನಿಮ್ಮ ಅಜ್ಜನ ಹೆಸರನ್ನು ಒಡಪಿಲ್ಲದೆ ಹೇಳಿದ್ದು ಅದೇ ಮೊದಲು. ಕಾನ್‌ಸ್ಟೇಬಲ್ ತಲೆ ಎತ್ತದೆ ಬರೆದುಕೊಂಡಳು.

ಆಮೇಲೆ ಭಾಗ್ಯಶ್ರೀ. ಯಾರು ಹೊಡೆದರು ಎಂದರೆ "ನಮ್ಮ ಮನಿಯವ್ರು" ಎಂದಳು. ಹೆಸರು ಕೇಳಿದರೆ ಸುಮ್ಮನಾದಳು.

ಆ ಹೊತ್ತಿಗೆ ಅವಳ ಮಾವ ಜನ ಕಟ್ಟಿಕೊಂಡು ಬಂದಿದ್ದ. ಸೊಸೆ ಮಾಳಿಗೆಯಿಂದ ಬಿದ್ದಳು, ಅವಳೇ ಯಾರ ಹೆಸರನ್ನೂ ಹೇಳುತ್ತಿಲ್ಲವಲ್ಲ, ಮನೆಗೆ ಕಳಿಸಿ ಎಂದು ವಾದಿಸಿದ. ಬಾಗಿಲಲ್ಲಿ ನಿಂತು ಮೆತ್ತಗೆ ಹೇಳಿದ, "ಗಂಡನ ಹೆಸರ ಹೇಳಿದ್ರ ಆಂವನ ಆಯುಷ್ಯ ಕಡಿಮಿ ಆಗ್ತದ, ಭಾಗ್ಯಾ. ನಿನಗ ತಿಳಿದಿದ್ದೇ ಅದ."

"ತಂಗಿ, ಬಸ್ಸಿಂದು ಬ್ಯಾರೆ ಕೇಸ. ಮನ್ಯಾಗ ಬಡದದ್ದು ನಿನ್ನ ಬಾಯಿಲೇ ಬರಬೇಕು," ಎಂದಳು ಕಾನ್‌ಸ್ಟೇಬಲ್. "ಇಲ್ಲಂದ್ರ ಈ ಮಂದಿ ನಿನ್ನ ಇವತ್ತೇ ಒಯ್ತಾರ."

ಹುಡುಗಿ ನನ್ನ ಕಡೆ ನೋಡಿದಳು. "ನೀವು ಹೇಳಿದ್ರಲ್ಲ, ಮಾವಶಿ."

"ನಮ್ಮವರು ಇರೂತನಾ ಒಮ್ಮೆನೂ ಹಿಂಗ ಹೇಳಿದ್ದಿಲ್ಲ, ತಂಗಿ," ಎಂದೆ. "ಆದ್ರೂ ಹೋದ್ರು."

ಗಂಗವ್ವ ಬೆಂಚಿನ ಮೇಲಿಂದ ಹೇಳಿದಳು, "ಬಾಯಿ ತಿರಗಲಿಲ್ಲಂದ್ರ ಒಡಪ ಹಾಕಿ ಹೇಳ. ಅದಕ್ಕೇನ ಪಾಪಿಲ್ಲ." ಯಾರೋ ನಕ್ಕರು. ಭಾಗ್ಯಶ್ರೀ ನಗಲಿಲ್ಲ. ತುಟಿಯ ರಕ್ತ ಒರೆಸಿಕೊಂಡು, ಲಗ್ನದ ಹಂದರದಲ್ಲಿ ಹೇಳುವ ಹಾಗೆಯೇ ರಾಗವಾಗಿ ಹೇಳಿದಳು:

"ಅಕ್ಕಿ ಸೇರ ಒದಿಸಿ ಕರಕೊಂಡ್ರು ಹೊಸ್ತಿಲ ದಾಟಿಸಿ,
ಕೊಡಲಿ ಕಾವಿಲೇ ಬಡದ್ರು ಅದೇ ಹೊಸ್ತಿಲಕ ಉರುಳಿಸಿ,
ಬಡದವ್ರ ಹೆಸರ ಮಲ್ಲಿನಾಥ."

ಕಾನ್‌ಸ್ಟೇಬಲ್ ಕೇಳಿದಳು, "ಮಲ್ಲಿನಾಥ ಕೋರೆ?" ಹುಡುಗಿ ಈ ಸಲ ಒಡಪಿಲ್ಲದೆ, "ಹೌದ್ರಿ, ಮಲ್ಲಿನಾಥ ಕೋರೆ," ಎಂದಳು. ಮಾವ ಮೆಟ್ಟಿಲು ಇಳಿದು ಹೋದ.

ನನ್ನ ಮಣಿಕಟ್ಟು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಆ ಹೊಡೆತದಿಂದ ಭಾಗ್ಯಶ್ರೀಗೆ ಎಡಗಿವಿ ಕೇಳುವುದಿಲ್ಲ. ಹೋಟಗಿಯಲ್ಲಿ ತಾಯಿಯ ಜೊತೆ ಇದ್ದಾಳೆ, ಚಾದರದ ಅಂಚು ಹೊಲಿಯುವ ಕೆಲಸ ಮಾಡುತ್ತಾಳೆ. ಕೇಸು ಇನ್ನೂ ನಡೆದಿದೆ. ಅವಳ ಆಧಾರ್ ಕಾರ್ಡಿನಲ್ಲಿ ಇನ್ನೂ ಅವನ ಹೆಸರೇ ಇದೆ.

ಹೆಣ್ಣು ಯಾವ ಮನೆಯವಳೆಂದು ಊರಿಗೆ ತಿಳಿಯಲಿ ಎಂದೇ ಹೆಸರು ಬದಲಿಸುತ್ತಾರೆ ಎಂದು ಹಿರಿಯರು ನನಗೆ ಹೇಳಿದ್ದರು. ಅದು ಪೂರ್ತಿ ಸುಳ್ಳಲ್ಲ. ನಿಮ್ಮ ಅಜ್ಜನ ಹೆಸರು ನನ್ನ ಹೆಸರಿನ ನಡುವೆ ಇದ್ದುದರಿಂದಲೇ ನನಗೆ ಅವರ ಕೆಲಸ ಸಿಕ್ಕಿತು, ನಿಮ್ಮ ಅಪ್ಪ ಶಾಲೆ ಕಲಿತ. ಆ ಹೆಸರನ್ನು ನಾನು ತೆಗೆಯುವುದಿಲ್ಲ. ಆದರೆ ಕೊಡಲಿಯ ಕಾವು ಹಿಡಿದು ಬಸ್ಸು ಹತ್ತಿದವನೂ ಅದೇ ಪದ್ಧತಿಯ ಬಲದ ಮೇಲೇ ಹತ್ತಿದ್ದ. ನೀನು ಹೆಸರು ಬದಲಿಸಿದರೂ ಸರಿ, ಬಿಟ್ಟರೂ ಸರಿ, ಸಮೀಕ್ಷಾ. ಅದು ನಿನ್ನ ಮನಸ್ಸಿನದು. ಕಂಡಕ್ಟರ್ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಬಸ್ಸು ಹತ್ತಿದವಳನ್ನು ಯಾರ ಮನೆಯವಳು ಎಂದು ಕೇಳುವುದಿಲ್ಲ, ಎಲ್ಲಿಗೆ ಹೋಗಬೇಕು ಎಂದು ಕೇಳುತ್ತೇವೆ. ಅವಳು ಹೇಳಿದ ಊರಿಗೆ ಮುಟ್ಟಿಸುವುದು ನಮ್ಮ ಹೊಣೆ.

ಈ ಹಾಳೆಗಳನ್ನು ಜೋಪಾನವಾಗಿಡಿ. ಕೋರ್ಟಿನಲ್ಲಿ ಭಾಗ್ಯಶ್ರೀಯ ಸಾಕ್ಷಿ ಇನ್ನೂ ಮುಗಿದಿಲ್ಲ. ಅಲ್ಲಿಯವರೆಗೆ ಹೊರಗಿನವರ ಕೈಗೆ ಕೊಡಬೇಡಿ.