ಮೊದಲು ಬಂದವರು ಎರಡನೇ ಗುಂಪಿಗೆ

ರಿಟೈರ್ ಆದ ಮೇಲೆ ನನ್ನನ್ನು ಯಾರೂ ಯಾವುದಕ್ಕೂ ಕರೆಯುವುದಿಲ್ಲ ಅಂದುಕೊಂಡಿದ್ದೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಮ್ಯಾಥ್ಸ್ ಹೇಳಿಕೊಟ್ಟವಳು ನಾನು. ಒಂದು ದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಾಮನಗರದ ನಮ್ಮ ಮನೆಗೆ ಬಂದ. ಈಗ ಅವನು ಮನೋವೈದ್ಯ. "ಮಿಸ್, ಕೂತಲ್ಲೇ ಮಾಡೋ ಕೆಲಸ ಒಂದಿದೆ, ನಿಮ್ಮಿಂದಲೇ ಆಗಬೇಕು" ಎಂದ.

ಅವನ ತಂಡ ಖಿನ್ನತೆಯ ರೋಗಿಗಳ ಬಗ್ಗೆ ಒಂದು ಅಧ್ಯಯನ ಶುರು ಮಾಡಿತ್ತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಆಸ್ಪತ್ರೆಗಳಿಗೆ ಬಂದವರಲ್ಲಿ ಒಪ್ಪಿದವರನ್ನು ಎರಡು ಗುಂಪು ಮಾಡುವುದು. ಎರಡೂ ಗುಂಪಿಗೆ ಮಾತ್ರೆ ಒಂದೇ. ಒಂದನೇ ಗುಂಪಿನವರ ಮನೆಗೆ ಮಾತ್ರ ವಾರಕ್ಕೊಮ್ಮೆ ತರಬೇತಿ ಪಡೆದ ಹುಡುಗಿಯೊಬ್ಬಳು ಹೋಗಿ, ಒಂದು ಗಂಟೆ ಕೂತು ಮಾತಾಡಿಸಿ ಬರುತ್ತಾಳೆ. ಆ ಮಾತಿನಿಂದ ಏನಾದರೂ ಆಗುತ್ತದೆಯೇ ಎಂಬುದೇ ಅವರ ಪ್ರಶ್ನೆ. ಸೇರುವವರು ಹೆಚ್ಚು ಜನರಲ್ಲ. ಬರೀ ಚೀಟಿ ಎತ್ತಿ ಹಂಚಿದರೆ ಒಂದು ಕಡೆ ವಯಸ್ಸಾದ ಹೆಂಗಸರೇ ತುಂಬಿಕೊಂಡು, ಇನ್ನೊಂದು ಕಡೆ ಹೆಚ್ಚು ನರಳದವರೇ ಉಳಿದುಬಿಡಬಹುದು. ಆಗ ಯಾವುದರಿಂದ ಗುಣವಾಯಿತೆಂದು ಹೇಳುವುದು ಹೇಗೆ? ಅದಕ್ಕೇ ಬ್ಯಾಲೆನ್ಸ್ ನೋಡಿಕೊಳ್ಳಲು ಒಬ್ಬರು ಬೇಕಿತ್ತು.

ನನ್ನ ಕೆಲಸ ಇಷ್ಟು. ಆಸ್ಪತ್ರೆಯ ನರ್ಸ್ ಫೋನ್ ಮಾಡುತ್ತಾಳೆ. ಗಂಡೋ ಹೆಣ್ಣೋ, ವಯಸ್ಸೆಷ್ಟು, ಕಾಯಿಲೆ ಎಷ್ಟು ತೀವ್ರ, ಯಾವ ತಾಲ್ಲೂಕು, ಈ ನಾಲ್ಕನ್ನು ಮಾತ್ರ ಹೇಳುತ್ತಾಳೆ. ನಾನು ಗ್ರಾಫ್ ಶೀಟ್ ನೋಡಿ, ಅಂಥವರು ಯಾವ ಗುಂಪಿನಲ್ಲಿ ಕಡಿಮೆಯೋ ಆ ಗುಂಪಿನ ನಂಬರ್ ಹೇಳುತ್ತೇನೆ. ಸಮವಾಗಿದ್ದರೆ ನಾಣ್ಯ ಚಿಮ್ಮುತ್ತೇನೆ. ಹೆಸರು ನನಗೆ ಗೊತ್ತಾಗಬಾರದು. ನನ್ನ ಶೀಟ್ ನರ್ಸುಗಳಿಗೆ ಕಾಣಬಾರದು. "ನೀವು ಗೋಡೆಯ ಈಚೆ ಕಡೆ ಇದ್ದೀರಿ ಅಂದುಕೊಳ್ಳಿ ಮಿಸ್" ಎಂದಿದ್ದ ಡಾಕ್ಟರ್.

ಆದರೆ ನಮ್ಮ ಕಡೆ ಫೋನ್ ಎತ್ತಿ, ತಿಂಡಿ ಆಯಿತಾ ಎಂದು ಕೇಳದೆ ವಿಷಯಕ್ಕೆ ಬರುವವರು ಯಾರಿದ್ದಾರೆ? ನಾಲ್ಕು ಉತ್ತರ ಕೊಡಬೇಕಾದ ನರ್ಸ್ ನಲವತ್ತು ಮಾತಾಡುತ್ತಿದ್ದಳು. ಯಾವೂರಿನವರು, ಯಾರ ಜೊತೆ ಬಂದರು, ಎಷ್ಟು ಅತ್ತರು. ತಡೆಯಬೇಕಾದವಳು ನಾನು. ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ಆ ಫೋನಿಗಾಗಿ ನಾನು ಬೆಳಿಗ್ಗೆಯಿಂದ ಕಾಯುತ್ತಿದ್ದೆ.

ಒಂದು ಬುಧವಾರ ಮಾಗಡಿಯಿಂದ ಮೊದಲ ಫೋನ್ ಬಂತು. ಅರವತ್ತು ದಾಟಿದ ಹೆಂಗಸು, ತುಂಬಾ ಸಿವಿಯರ್ ಅನಿಸುತ್ತದೆ, ಕಾಯಿಲೆ ಅಳೆಯುವ ಪ್ರಶ್ನಾವಳಿ ಇನ್ನೂ ಮುಗಿದಿಲ್ಲ, ಅರ್ಧ ಗಂಟೆಯಲ್ಲಿ ಮತ್ತೆ ಮಾಡುತ್ತೇನೆ ಎಂದಳು ಅಲ್ಲಿನ ನರ್ಸ್. ಫೋನ್ ಇಟ್ಟ ಹತ್ತು ನಿಮಿಷಕ್ಕೆ ಚನ್ನಪಟ್ಟಣದ ನರ್ಸ್. ಅವಳದೂ ಅದೇ. ಹೆಂಗಸು, ಅರವತ್ತೆರಡು, ಸಿವಿಯರ್. ನಾನು ಪೆನ್ಸಿಲ್ ತೆಗೆದುಕೊಂಡೆ. ಅವಳು ನಿಲ್ಲಿಸಲಿಲ್ಲ.

"ಪಾಪ, ಬಾಯೇ ಬುಡಲ್ಲ ಕಣಮ್ಮ. ಎಡಗೈ ಕಿರುಬೆರಳ ತುದಿ ಇಲ್ಲ, ಸೆರಗಿನೊಳಗೇ ಮಡಿಕೊಂಡವ್ರೆ. ಸೈನ್ ಮಾಡಿ ಅಂದ್ರೆ ಇಂಗ್ಲಿಷ್‌ನಾಗೆ ಎಂಗೆ ಬರೆದ್ರು ಅಂತೀರಾ, ಮುತ್ತು ಪೋಣಿಸ್ದಂಗೆ."

ಆ ಬೆರಳೂ ಆ ಅಕ್ಷರವೂ ನನಗೆ ಗೊತ್ತಿದ್ದವು. ಬೆಂಗಳೂರಿನ ಕಾನ್ವೆಂಟಿನಲ್ಲಿ ಆರು ವರ್ಷ ನನ್ನ ಎಡಕ್ಕೆ ಕೂತವಳು ಅವಳು. ಟರ್ಮ್ ಮುಗಿದಾಗ ಒಂದೇ ರೈಲಿನಲ್ಲಿ ಊರಿಗೆ ಬರುತ್ತಿದ್ದೆವು. ನಾನು ರಾಮನಗರದಲ್ಲಿ ಇಳಿಯುತ್ತಿದ್ದೆ, ಅವಳು ಮುಂದಿನ ಚನ್ನಪಟ್ಟಣಕ್ಕೆ ಹೋಗುತ್ತಿದ್ದಳು. ಅವಳಪ್ಪನಿಗೆ ಗೊಂಬೆ ಕಡೆಯುವ ಶೆಡ್ ಇತ್ತು. ಚಿಕ್ಕಂದಿನಲ್ಲಿ ಕಡೆಯುವ ಮೆಷಿನ್‌ಗೆ ಬೆರಳು ಸಿಕ್ಕಿತ್ತು. ಸಿಸ್ಟರ್‌ಗಳ ಮುಂದೆ ಆ ಕೈಯನ್ನು ಯಾವಾಗಲೂ ಟ್ಯೂನಿಕ್ಕಿನ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದಳು.

ಅವಳನ್ನು ನೋಡಿ ಇಪ್ಪತ್ತು ವರ್ಷದ ಮೇಲಾಗಿತ್ತು. ಕೊನೆಯ ಸಲ ಬಂದಾಗ ನಮ್ಮ ಮನೆಯಲ್ಲಿ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಇವಳು ಕೆದರಿದ ತಲೆಯಲ್ಲಿ, ಅತ್ತ ಕಣ್ಣಲ್ಲಿ ಬಾಗಿಲಿಗೆ ಬಂದಳು. ಹಿತ್ತಲ ಬಾಗಿಲಿನಿಂದ ಕರೆದು ಅಡುಗೆಮನೆಯಲ್ಲಿ ಕೂರಿಸಿದೆ. ಬೋಂಡದ ತಟ್ಟೆ ಒಳಗೂ ಹೊರಗೂ ಒಯ್ಯುತ್ತಾ ನಡುವೆ ಒಂದು ಸಲ, "ಪುಲ್ ಯುವರ್‌ಸೆಲ್ಫ್ ಟುಗೆದರ್" ಎಂದೆ. ಕಾನ್ವೆಂಟಿನಲ್ಲಿ ಅಳುವವರಿಗೆ ನಮ್ಮ ಮದರ್ ಸುಪೀರಿಯರ್ ಹೇಳುತ್ತಿದ್ದಂತೆಯೇ. ಬಂದವರನ್ನು ಕಳಿಸಿ ಒಳಗೆ ಬರುವಷ್ಟರಲ್ಲಿ ಅವಳು ಹೋಗಿದ್ದಳು. ನಾಳೆ ಹೋಗಿ ಬರೋಣ ಅಂದುಕೊಂಡೆ. ಆ ನಾಳೆ ಬರಲೇ ಇಲ್ಲ.

ಶೀಟ್ ನೋಡಿದೆ. ಆಗ ಒಂದನೇ ಗುಂಪಿನಲ್ಲಿ ಅಂಥ ವಯಸ್ಸಾದ, ಸಿವಿಯರ್ ಹೆಂಗಸು ಒಬ್ಬಳು ಹೆಚ್ಚಿದ್ದಳು. ಹಾಗಾಗಿ ಇವತ್ತು ಮೊದಲು ಬಂದವಳು ಎರಡಕ್ಕೆ ಹೋಗಬೇಕು. ಆಗ ಅದು ಸಮವಾಗುತ್ತದೆ. ಆಮೇಲೆ ತಾಲ್ಲೂಕಿನ ಲೆಕ್ಕ ನಿರ್ಧರಿಸುತ್ತದೆ. ಚನ್ನಪಟ್ಟಣದವರೂ ಮಾಗಡಿಯವರೂ ಒಂದನೇ ಗುಂಪಿನಲ್ಲಿ ಕಡಿಮೆ ಇದ್ದರು. ಅಂದರೆ ಇಬ್ಬರಲ್ಲಿ ಮೊದಲು ಬಂದವಳಿಗೆ ಬರೀ ಮಾತ್ರೆ. ನಂತರ ಬಂದವಳಿಗೆ ಮಾತ್ರೆ ಮತ್ತು ಮಾತು. ಮಾಗಡಿಯವಳ ಪ್ರಶ್ನಾವಳಿ ಮುಗಿದಿರಲಿಲ್ಲ, ಈಗಲೇ ನಂಬರ್ ಹೇಳಿದರೆ ಮೊದಲು ಬಂದವಳು ಇವಳೇ ಆಗುತ್ತಿದ್ದಳು.

"ಕುಕ್ಕರ್ ಇಟ್ಟಿದ್ದೀನಮ್ಮ, ಒಂದು ಗಂಟೆ ಬಿಟ್ಟು ಮಾಡು" ಎಂದೆ. ಕುಕ್ಕರ್ ಇಟ್ಟಿರಲಿಲ್ಲ.

ಅರ್ಧ ಗಂಟೆಗೆ ಮಾಗಡಿಯ ಫೋನ್ ಬಂತು. ಎರಡು ಎಂದೆ. ಆಮೇಲೆ ಚನ್ನಪಟ್ಟಣದ್ದು. ಒಂದು ಎಂದೆ. ಶೀಟಿನಲ್ಲಿ ಒಂದು ಚುಕ್ಕೆಯೂ ತಪ್ಪಿರಲಿಲ್ಲ. ಯಾವ ಡಾಕ್ಟರ್ ಬಂದು ತಾಳೆ ನೋಡಿದರೂ ನೂರಕ್ಕೆ ನೂರು ಕೊಡುತ್ತಿದ್ದ.

ಮೂರು ತಿಂಗಳು ಕಳೆಯಿತು. ನಾನೇನೂ ಕೇಳಬಾರದಿತ್ತು, ಆದರೂ ಚನ್ನಪಟ್ಟಣದ ನರ್ಸ್ ತಾನಾಗಿಯೇ ಹೇಳಿದಳು. ಬೆರಳಿಲ್ಲದಮ್ಮ ಮೂರೇ ವಾರಕ್ಕೆ ಆ ಹುಡುಗಿಗೆ ಇನ್ನು ಬರಬೇಡ ಅಂದುಬಿಟ್ಟರಂತೆ. ಮಾತ್ರೆ ಮಾತ್ರ ತರಿಸಿಕೊಳ್ಳುತ್ತಾರಂತೆ. ತಕ್ಷಣ ಮಾಗಡಿಗೆ ಫೋನ್ ಮಾಡಿ, ಆ ಬುಧವಾರದ ಹೆಂಗಸು ಹೇಗಿದ್ದಾರೆ ಎಂದು ಕೇಳಿದೆ.

"ಎರಡು ಕಿತ ಬಂದು ಮಾತ್ರೆ ಇಸ್ಕೊಂಡೋದ್ರು ಮೇಡಮ್ಮೋರೆ. ಅವರೂರಿಗೆ ದಿನಕ್ಕೆ ಎರಡೇ ಬಸ್ಸು. ಆಮ್ಯಾಕೆ ಬರ್ಲಿಲ್ಲ. ಫೋನೂ ಸ್ವಿಚ್ ಆಫು." ಫೋನ್ ಇಡುವ ಮೊದಲು ಅವಳೇ ಹೇಳಿದಳು: "ಬಂದಾಗೆಲ್ಲ ಕೇಳೋರು, ನಮ್ಮನೆಗೂ ಯಾರಾರ ಬತ್ತಾರಾ ಅಂತ."

ಮಾರನೆಯ ದಿನವೇ ಡಾಕ್ಟರನ್ನು ಕರೆಸಿ ಎಲ್ಲವನ್ನೂ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಲೆಕ್ಕ ತಪ್ಪಿದ ಮಕ್ಕಳ ಮುಂದೆ ನಾನು ಕೂರುತ್ತಿದ್ದಂತೆ ಅವನು ನನ್ನ ಮುಂದೆ ಕೂತ. ಲೆಕ್ಕದ ನಿಯಮದಲ್ಲಿ ಮುಂದಿನ ನಂಬರ್ ಊಹಿಸಬಹುದಾಗಿತ್ತು, ಅದು ತನ್ನದೇ ತಪ್ಪು, ಇನ್ನು ಯಾರೂ ಊಹಿಸಲಾಗದಂತೆ ಕಂಪ್ಯೂಟರ್ ಹಂಚುತ್ತದೆ ಎಂದ. ಅಧ್ಯಯನದ ನೀತಿ ನೋಡುವ ಕಮಿಟಿಗೆ ಬರೆಯಲೇಬೇಕು ಎಂದೂ ಹೇಳಿದ. ಇಬ್ಬರನ್ನೂ ನಾನು ಹಾಕಿದ ಗುಂಪಿನಲ್ಲೇ ಲೆಕ್ಕ ಹಿಡಿಯುತ್ತಾರಂತೆ. ಮಾಗಡಿಯ ಹೆಂಗಸಿನ ಮನೆಗೆ ಆಶಾ ಕಾರ್ಯಕರ್ತೆಯನ್ನು ಕಳಿಸಿದ. ಬೀಗ ಹಾಕಿತ್ತು. ಎಲ್ಲಿಗೆ ಹೋದರೆಂದು ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ. ಗ್ರಾಫ್ ಶೀಟ್ ಮಡಿಸಿ ಚೀಲಕ್ಕೆ ಹಾಕಿಕೊಂಡು ಹೋಗುವಾಗ ಅವನು ಎಂದಿನಂತೆ ನನ್ನ ಕಾಲು ಮುಟ್ಟಿದ. ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಈಗ ನಾನು ಗೋಡೆಯ ಯಾವ ಕಡೆಯೂ ಇರಲಿಲ್ಲ. ರೈಲು ಹತ್ತಿ ಚನ್ನಪಟ್ಟಣಕ್ಕೆ ಹೋದೆ. ಸ್ಟೇಷನ್ನಿನಿಂದ ಆಟೋ. ದೊಡ್ಡಮಳೂರಿನ ಕಡೆ ಅವಳ ತಮ್ಮನ ಮನೆ; ಅವಳು ಅಲ್ಲಿರುವುದು ಯಾರಿಂದಲೋ ಕೇಳಿ ಗೊತ್ತಿತ್ತು. ಅರ್ಧ ಗಂಟೆಯ ದಾರಿ. ಇಪ್ಪತ್ತು ವರ್ಷ ನನಗೆ ಸಿಗದ ಅರ್ಧ ಗಂಟೆ.

ಜಗಲಿಯ ಮೇಲೆ ಕೂತಿದ್ದಳು.

"ಬಂದ್ಯೇನೆ? ಫ್ರಂಟ್ ಡೋರ್‌ನಲ್ಲೇ ಬಂದಿದ್ದೀಯಲ್ಲ."

ನಾನು ಪಕ್ಕದಲ್ಲಿ ಕೂತೆ. ಅವಳ ಎಡಕ್ಕೆ ಕೂತಿದ್ದರಿಂದ ಆ ಕೈ ನನ್ನ ಕಡೆಗಿತ್ತು. ಅವಳು ಮುಚ್ಚಿಕೊಳ್ಳಲಿಲ್ಲ. ಮನೆಗೆ ಬರುತ್ತಿದ್ದ ಹುಡುಗಿಯನ್ನು ಯಾಕೆ ಬೇಡ ಅಂದೆ ಎಂದು ಕೇಳಿದೆ. ಹುಡುಗಿ ಒಳ್ಳೆಯವಳೇ, ಆದರೆ ಪುಸ್ತಕದಲ್ಲಿದ್ದದ್ದನ್ನು ಕೇಳುತ್ತಿದ್ದಳು, ತನಗೆ ಹೊಸಬರ ಹತ್ತಿರ ಮೊದಲಿಂದ ಹೇಳುವ ಶಕ್ತಿ ಇಲ್ಲ ಎಂದಳು. ಆಗ ನಾನು ಮಾಡಿದ್ದನ್ನು ಹೇಳಿದೆ. ಕುಕ್ಕರಿನ ಸುಳ್ಳೂ ಸೇರಿ.

ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. "ನನಗೆ ನೀನು ಬರಬೇಕಿತ್ತು ಕಣೆ. ಇನ್ನೊಬ್ಬಳ ಪಾಲಿನದ್ದನ್ನು ಯಾಕೆ ಕಳಿಸಿದೆ?" ಎಂದಳು. ನಾನು ಹೊರಡಲು ಎದ್ದಾಗ, "ಅವಳನ್ನ ಹುಡುಕು. ಆಮೇಲೆ ಇಲ್ಲಿಗೆ ಬಾ."

ಬುಧವಾರಗಳಲ್ಲಿ ಅವಳ ಹತ್ತಿರ ಹೋಗುತ್ತೇನೆ, ಮಾಗಡಿಯವರು ಸಿಗುವ ಮೊದಲೇ. ಅದಕ್ಕೆ ಅವಳು ಏನೂ ಅಂದಿಲ್ಲ. ಕೆಲವು ದಿನ ಮಾತಾಡುತ್ತಾಳೆ, ಕೆಲವು ದಿನ ಇಲ್ಲ. ಶುಕ್ರವಾರ ಬೆಳಿಗ್ಗೆ ಮಾಗಡಿಯ ಬಸ್ಸು ಹತ್ತುತ್ತೇನೆ. ಹೆಸರು ಕೇಳುವ ಹಕ್ಕು ನನಗಿಲ್ಲ, ಕೇಳಿಯೂ ಇಲ್ಲ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತು, ಹಳ್ಳಿ ಬಸ್ಸುಗಳಿಂದ ಇಳಿಯುವವರನ್ನು ನೋಡುತ್ತೇನೆ. ಹೆಂಗಸು, ಅರವತ್ತು ದಾಟಿದವರು. ನನಗೆ ಗೊತ್ತಿರುವುದು ಅಷ್ಟೇ. ಅಂಥವರು ಪಕ್ಕದಲ್ಲಿ ಬಂದು ಕೂತರೆ ಸರಿದು ಜಾಗ ಕೊಡುತ್ತೇನೆ. ಯಾವೂರು ತಾಯಿ ಎಂದು ಕೇಳುತ್ತೇನೆ.