ಅತ್ತಿಮರದ ಕೆಳಗೆ ಚಹಾ

ದಿನಕ್ಕೆ ಎರಡೂವರೆ ಸಾವಿರ, ಎರಡು ಹೊತ್ತಿನ ಊಟ ಸೇರಿ. ಪುಣೆ ಹತ್ತಿರದ ಮುಳಶಿ ಕಡೆಯ ಹಳ್ಳಿಯಲ್ಲಿ ಎಸಿ, ಟಿವಿ ಏನೂ ಇಲ್ಲದ ಅತಿಥಿಗೃಹದ ಕೋಣೆಗೆ ಇದು ಜಾಸ್ತಿ ಅನ್ನಿಸಿತು. ಇಷ್ಟೇಕೆ ಎಂದು ಕೇಳಿದ್ದಕ್ಕೆ ಮನೆಯೊಡತಿ ಸೀರೆ ತುಸು ಎತ್ತಿ ಬಲಗಾಲು ಮುಂದಿಟ್ಟು ತೋರಿಸಿದರು. ಗಂಡಸರ ಟೈರಿನ ಚಪ್ಪಲಿ, ಕೆಮ್ಮಣ್ಣು ಕೂತ ಒಡಕು ಹಿಮ್ಮಡಿ, ಕಲ್ಲಿಗೆ ಬಡಿದು ಕಪ್ಪಾದ ಹೆಬ್ಬೆರಳಿನ ಉಗುರು.

"ಈ ಕಾಲು ದಿನಾ ನಿಮ್ಮ ಜೋಡಿ ಊರ ಸುತ್ತ ತಿರಗತಾವ್ರಿ. ಅವುಗಳ ಪಗಾರಾನೂ ಇದರಾಗ ಬಂತು."

ಚೌಕಾಸಿ ನನ್ನ ಕಸುಬು. ವಿಜಯಪುರದಿಂದ ಬರಿಗೈಯಲ್ಲಿ ಬಂದು ಪಿಂಪ್ರಿ-ಚಿಂಚವಾಡದಲ್ಲಿ ಪೈಪು, ನಲ್ಲಿಗಳ ಅಂಗಡಿ ಕಟ್ಟಿದವನು ನಾನು; ಹೇಳಿದ ದರಕ್ಕೆ ಒಂದು ವಾಷರ್ ಕೂಡ ಕೊಂಡವನಲ್ಲ. ಮಾತು ಶುರುವಾಗಿದ್ದು ಮರಾಠಿಯಲ್ಲಿ. ನಡುವೆ ನಾನು ಹೆಂಡತಿಯೊಡನೆ ಆಡಿದ ಮಾತು ಕೇಳಿ, ಕಾಲು ತೋರಿಸುವ ಹೊತ್ತಿಗಾಗಲೇ ಮನೆಯೊಡತಿ ಕನ್ನಡಕ್ಕಿಳಿದಿದ್ದರು. ತವರು ನಿಪ್ಪಾಣಿ ಕಡೆಯಂತೆ. ಅಂದಿನಿಂದ ಅವರು ನಮಗೆ ಅಕ್ಕ.

"ದರ ಇಳಸೂದಿಲ್ಲರಿ ಅಣ್ಣಾರ. ಎರಡ ದಿನದ ರೊಕ್ಕ ಕೊಡ್ರಿ, ಮೂರ ದಿನ ಇರ್ರಿ."

ನಾನು ಗೆದ್ದೆ ಅಂದುಕೊಂಡೆ.

ಹೋದದ್ದು ಮೋಜಿಗಲ್ಲ. ಹೆಂಡತಿಗೆ ಮೊಣಕಾಲಿನ ಆಪರೇಷನ್ ಆಗಿ ತಿಂಗಳುಗಳಾಗಿದ್ದವು. ಕಾಲಿಗೆ ಬಲ ಬಂದಿದೆ, ನಡೆಯಲೇಬೇಕು, ಇಲ್ಲವಾದರೆ ಹೀಗೇ ಮರಗಟ್ಟಿಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಆಕೆ ಮಾತ್ರ ಹಾಸಿಗೆಯಿಂದ ಬಚ್ಚಲಿಗೆ, ಅದೂ ನನ್ನ ಹೆಗಲು ಹಿಡಿದು. "ಬಿದ್ರ?" ಎಂಬುದೊಂದೇ ಮಾತು. ಜಾಗ ಬದಲಾದರೆ ಮನಸ್ಸು ಬದಲಾದೀತು ಎಂದು ಕರೆದುಕೊಂಡು ಹೋಗಿದ್ದೆ.

ಮೊದಲ ಬೆಳಿಗ್ಗೆ ಚಹಾ ಬರಲಿಲ್ಲ. ಹುಡುಕಿಕೊಂಡು ಹೋದರೆ, ಅಂಗಳ ದಾಟಿ, ಭತ್ತದ ಗದ್ದೆಯ ಬದುವಿನ ಆಚೆ ಅತ್ತಿಮರದ ಕೆಳಗೆ ಮೂರು ಕಲ್ಲಿನ ಒಲೆ. ಅದರ ಮುಂದೆ ಅಕ್ಕ. ಪುಣೆಯ ಖರಾಡಿಯಿಂದ ಬಂದಿದ್ದ ಇನ್ನೊಂದು ದಂಪತಿ ಆಗಲೇ ಕಪ್ಪು ಹಿಡಿದು ಕೂತಿದ್ದರು.

"ಕ್ವಾಣ್ಯಾಗ ಚಹಾ ಕೊಡೂ ಪದ್ಧತಿ ನಮ್ಮಲ್ಲಿಲ್ಲರಿ. ಯಾರಿದ್ರೂ ಇಲ್ಲೇ ಬರಬೇಕು."

ಹೆಂಡತಿಯ ಕಾಲಿನ ಕಥೆ ಹೇಳಿದೆ. ಕೇಳಿದರು, ತಲೆಯಾಡಿಸಿದರು. ನಾನು ಒಂದು ಕಪ್ಪು ಕುಡಿದು ಇನ್ನೊಂದನ್ನು ಎತ್ತಿಕೊಂಡು ಹೊರಟಾಗ ಬದುವಿನವರೆಗೆ ಬಂದು, ಕೈಯಿಂದ ಕಸಿದು, ಅಲ್ಲೇ ನಿಂತು ತಾವೇ ಕುಡಿದುಬಿಟ್ಟರು.

"ಅವರ ಚಹಾ ಒಲಿ ಮ್ಯಾಲ ಅದರಿ. ಆರೂದಿಲ್ಲ."

ಊಟವನ್ನು ಪಡಸಾಲೆಗೇ ತಂದು ಬಡಿಸಿದರು. ಬಿಸಿ ಭಾಕರಿ, ಝುಣಕಾ, ಯಾವುದಕ್ಕೂ ಕೊರತೆಯಿಲ್ಲ. ಚಹಾ ಮಾತ್ರ ಸಂಜೆಯೂ ಇಲ್ಲ. ಚಹಾ ಇಲ್ಲದೆ ನನ್ನ ಹೆಂಡತಿಗೆ ತಲೆ ಸಿಡಿಯುತ್ತದೆ. ಎರಡನೇ ಬೆಳಿಗ್ಗೆ ಆಕೆಯ ಸಿಟ್ಟು ನೆತ್ತಿಗೇರಿತು. ಅಲ್ಲಿಯವರೆಗೆ ಮುಟ್ಟದೇ ಇದ್ದ ಊರುಗೋಲು ಎತ್ತಿಕೊಂಡು ಮೆಟ್ಟಿಲಿಳಿದವಳೇ ಅಂಗಳ ದಾಟಿ ಬದು ಹಿಡಿದಳು. ಹಿಡಿಯಲು ಹೋದ ನನ್ನ ಕೈ ಕೊಡವಿದಳು.

"ಏನ್ರಿ ಬಾಯಾರ, ರೊಕ್ಕಾ ತಗೊಂಡು ಚಹಾಕ್ಕ ಸಾಯಸ್ತೀರೇನು?"

"ಬೈರಿ, ಆದ್ರ ಕುಂತ ಬೈರಿ. ಸಕ್ಕರಿ ಎಷ್ಟ ಹಾಕ್ಲಿ?"

ಕೂತಳು. ಎರಡು ಕಪ್ಪು ಕುಡಿದಳು. ಆಮೇಲೆ ಹಿಂತಿರುಗಿ ಮನೆಯ ಕಡೆ ನೋಡಿ, "ಅಯ್ಯ, ಅಲ್ಲಿಂದ ಬಂದ್ನೇನ್ ನಾನು?" ಎಂದಳು.

"ಮತ್ತ ಹಾರಿ ಬಂದ್ರೇನ್ರಿ?" ಎಂದರು ಅಕ್ಕ.

ಮೂರನೇ ದಿನ ನಾವು ಮೂವರೂ ಅಣೆಕಟ್ಟಿನ ಹಿನ್ನೀರಿನ ದಂಡೆಗೆ ಹೋಗಿಬಂದೆವು. ಅಕ್ಕ ಒಮ್ಮೆಯೂ "ದಣಿದ್ರೇನು" ಎಂದು ಕೇಳಲಿಲ್ಲ. ಹೆಂಡತಿಯ ಉಸಿರು ಏರಿದಾಗೆಲ್ಲ ಯಾವುದೋ ಗಿಡ ತೋರಿಸಿ, ಅದರ ಹೆಸರು ಹೇಳಿ, ನಿಂತುಬಿಡುತ್ತಿದ್ದರು. ಹೇಳಿದ ಹೆಸರುಗಳಲ್ಲಿ ಅರ್ಧ ತಪ್ಪು ಎಂದು ಆಮೇಲೆ ಗೊತ್ತಾಯಿತು. ಮುಂದಿನ ಸಲ ಹೋದಾಗ ಕೇಳಿದೆ. "ನಿಲ್ಲಾಕ ಒಂದ ನೆವ ಬೇಕಲ್ರಿ ಅಣ್ಣಾರ. ಗಿಡಕ್ಕೇನು, ಯಾವ ಹೆಸರ ಕೊಟ್ರೂ ಸುಮ್ಮನಿರತದ."

ಆಮೇಲೆ ವರ್ಷಕ್ಕೆರಡು ಸಲ ಹೋದೆವು. ಗುಡ್ಡದ ಮೇಲಿನ ದೇವಿಯ ಗುಡಿಯವರೆಗೂ ಅಕ್ಕ ಹೆಂಡತಿಯನ್ನು ಹತ್ತಿಸಿದರು.

ಹೋದ ಚಳಿಗಾಲದಲ್ಲಿ ಅಕ್ಕ ಎದೆನೋವಿನಿಂದ ತೀರಿಕೊಂಡರು. ಹದಿಮೂರನೇ ದಿನಕ್ಕೆ ಹೋದಾಗ ಓಣಿಯ ತುಂಬ ಗಾಡಿಗಳು; ನಮ್ಮ ಕಾರು ಒಳಗೆ ಹೋಗಲಿಲ್ಲ. ಡಾಂಬರು ರಸ್ತೆಯಿಂದ ಅವರ ಮನೆಯವರೆಗೆ ಹೆಂಡತಿ ಏರು ಹತ್ತಿ ನಡೆದಳು. ದಾರಿಯಲ್ಲಿ ಎರಡು ಕಡೆ ತಾನೇ ನಿಂತಳು, ಕಣ್ಣೊರೆಸಿಕೊಂಡಳು, ಮತ್ತೆ ನಡೆದಳು. ಊರುಗೋಲು ಕಾರಿನಲ್ಲೇ ಉಳಿದಿತ್ತು.

ನಿಮ್ಮ ಮನೆಯಲ್ಲೂ ಹೀಗೆ ಹೆದರಿ ಕೂತವರಿದ್ದರೆ ಇಷ್ಟು ಮಾಡಿ. ಮೊದಲು ಡಾಕ್ಟರನ್ನು ಕೇಳಿ. ಇಂಥದೊಂದು ಹಳ್ಳಿಮನೆಗೆ ಶನಿವಾರ, ಭಾನುವಾರ ಬಿಟ್ಟು ಬೇರೆ ದಿನ ಕರೆದುಕೊಂಡು ಹೋಗಿ, ದರವೂ ಇಳಿಯುತ್ತದೆ, ಆ ಮನೆಯವರಿಗೆ ನಿಮ್ಮ ಕಡೆ ನೋಡಲು ಪುರುಸೊತ್ತೂ ಇರುತ್ತದೆ. ಕಮೋಡು ಇದೆಯೋ ಇಲ್ಲವೋ ಫೋನಿನಲ್ಲೇ ಕೇಳಿಕೊಳ್ಳಿ; ಫೋಟೋ ನಂಬಬೇಡಿ. ಇನ್ನು ನಿಮ್ಮವರು ನಡೆಯಲು ಎದ್ದಾಗ "ಹುಷಾರು" ಎಂಬ ಮಾತು ನಿಮ್ಮ ಬಾಯಿಗೆ ಬಂದೇ ಬರುತ್ತದೆ. ಅದನ್ನು ನುಂಗಿಕೊಳ್ಳಿ.